ಉಗಿಯಂತ್ರ: ಪಳೆಯುಳಿಕೆ ಇಂಧನದ ಶಕ್ತಿಯ ಪರಿವರ್ತನೆ

ಉಗಿಯಂತ್ರವೆಂದರೆ ಇಂಧನವನ್ನು ಉರಿಸಿ ಪಡೆದ ಉಷ್ಣದಿಂದ ನೀರನ್ನು ಒತ್ತಡದ ಉಗಿಯಾಗಿಸಿ, ಆ ಉಗಿ ಹಿಗ್ಗುವಾಗ ಮಾಡುವ ತಳ್ಳಿಕೆಯನ್ನು ಯಾಂತ್ರಿಕ ಚಲನೆಯನ್ನಾಗಿ ಮಾರ್ಪಡಿಸುವ ಯಂತ್ರ. ಬೆಂಕಿ ಸಿಲಿಂಡರಿನ ಹೊರಗೆ, ಬೇರೊಂದು ಕುಲುಮೆಯಲ್ಲಿ ಉರಿಯುವುದರಿಂದ ಇದು ಬಾಹ್ಯದಹನ ಯಂತ್ರಗಳ ಗುಂಪಿಗೆ ಸೇರುತ್ತದೆ. ಪೆಟ್ರೋಲ್ ಮತ್ತು ಡೀಸೆಲ್ ಎಂಜಿನುಗಳಲ್ಲಿ ಇಂಧನವು ಸಿಲಿಂಡರಿನ ಒಳಗೇ ಉರಿಯುತ್ತದೆ. ಅವು ಅಂತರ್ದಹನ ಯಂತ್ರಗಳು. ಉಗಿಯಂತ್ರದ ಮುಖ್ಯ ಇಂಧನ ಕಲ್ಲಿದ್ದಲು. ಕುಲುಮೆ ಹೊರಗಿರುವುದರಿಂದ ಸೌದೆ, ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು, ಉರುವಲು ಎಣ್ಣೆ ಯಾವುದಾದರೂ ನಡೆಯುತ್ತದೆ. ಕಲ್ಲಿದ್ದಲಿನ ಗಣಿಯೇ ಇಲ್ಲದ ಕರ್ನಾಟಕದಲ್ಲಿ ಈ ಗುಣಕ್ಕೆ ಹೆಚ್ಚಿನ ಬೆಲೆ ಇತ್ತು.

ಈ ಲೇಖನದಲ್ಲಿ ‘ಉಗಿಯಂತ್ರ’ ಎಂಬುದನ್ನು ಪಿಸ್ಟನ್ ಇರುವ ಯಂತ್ರಕ್ಕೂ, ‘ಉಗಿ ಟರ್ಬೈನ್’ ಎಂಬುದನ್ನು ತಿರುಗುವ ಅಲಗುಗಳಿರುವ ಯಂತ್ರಕ್ಕೂ, ‘ಬಾಯ್ಲರ್’ ಎಂಬುದನ್ನು ಉಗಿ ತಯಾರಾಗುವ ಮುಚ್ಚಿದ ಪಾತ್ರೆಗೂ ಬಳಸಿದೆ. ಒತ್ತಡವನ್ನು ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬ ಲೆಕ್ಕದಲ್ಲಿ ಕೊಟ್ಟಿದೆ. ಉದಾಹರಣೆಗಳು ಬಹುಮಟ್ಟಿಗೆ ಹಾಸನ ಜಿಲ್ಲೆಯ ಹಳ್ಳಿಮೈಸೂರು, ಹೊಳೆನರಸೀಪುರ ಸೀಮೆಯ ಪಕ್ಕದಲ್ಲಿ ಹಾದುಹೋಗುವ ಮೈಸೂರು–ಅರಸೀಕೆರೆ ರೈಲುಮಾರ್ಗದವು.

ಉಗಮ

ಗಣಿಗಳಲ್ಲಿ ತುಂಬುವ ನೀರನ್ನು ಎತ್ತುವ ಅಗತ್ಯವೇ ಉಗಿಯಂತ್ರ ಹುಟ್ಟಲು ಕಾರಣ. ಇಂಗ್ಲೆಂಡಿನ ಥಾಮಸ್ ಸೇವರಿ 1698ರಲ್ಲಿ ಉಗಿಯಿಂದ ನೀರೆತ್ತುವ ಸಾಧನಕ್ಕೆ ಹಕ್ಕುಪತ್ರ ಪಡೆದ. ಪಿಸ್ಟನ್ ಇರುವ ಮೊದಲ ಉಪಯುಕ್ತ ಯಂತ್ರವನ್ನು ಥಾಮಸ್ ನ್ಯೂಕಾಮನ್ 1712ರಲ್ಲಿ ನಿಲ್ಲಿಸಿದ. ಅದರಲ್ಲಿ ಕೆಲಸ ಮಾಡುತ್ತಿದ್ದುದು ಉಗಿಯ ಒತ್ತಡವಲ್ಲ. ಸಿಲಿಂಡರಿಗೆ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸಿದಾಗ ಒಳಗೆ ನಿರ್ವಾತ ಉಂಟಾಗಿ, ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತಿತ್ತು. ಪ್ರತಿ ಹೊಡೆತಕ್ಕೂ ಸಿಲಿಂಡರ್ ಬಿಸಿಯಾಗಿ ಮತ್ತೆ ತಣ್ಣಗಾಗಬೇಕಾಗಿದ್ದುದರಿಂದ ಇಂಧನದ ಶಕ್ತಿಯಲ್ಲಿ ಶೇಕಡ 1ರಷ್ಟೂ ಕೆಲಸಕ್ಕೆ ಬರುತ್ತಿರಲಿಲ್ಲ.

ಜೇಮ್ಸ್ ವಾಟ್ 1769ರಲ್ಲಿ ಹಕ್ಕುಪತ್ರ ಪಡೆದ ಪ್ರತ್ಯೇಕ ಕಂಡೆನ್ಸರ್ ಈ ಪೋಲನ್ನು ತಪ್ಪಿಸಿತು. ಉಗಿಯನ್ನು ಬೇರೆ ಪಾತ್ರೆಗೆ ಒಯ್ದು ತಣಿಸಿದ್ದರಿಂದ ಸಿಲಿಂಡರ್ ಸದಾ ಬಿಸಿಯಾಗಿಯೇ ಉಳಿಯಿತು. ಅದೇ ಕೆಲಸಕ್ಕೆ ಬೇಕಾಗುವ ಇದ್ದಲು ಬಹಳಷ್ಟು ಇಳಿಯಿತು. ಹೀಗಾಗಿ ವಾಟ್ ಉಗಿಯಂತ್ರವನ್ನು ಕಂಡುಹಿಡಿದವನೆಂಬ ಮಾತು ಸರಿಯಲ್ಲ. ಅದನ್ನು ಲಾಭದ ಯಂತ್ರವಾಗಿಸಿದವನು. 1780ರ ದಶಕದಲ್ಲಿ ಅವನು ಪಿಸ್ಟನ್ನಿನ ಹಿಂದುಮುಂದಿನ ಚಲನೆಯನ್ನು ಚಕ್ರದ ತಿರುಗುವಿಕೆಯಾಗಿಸಿದ ಮೇಲೆ ಉಗಿಯಂತ್ರ ಗಣಿಯಿಂದ ಗಿರಣಿಗೆ ಬಂತು. ರಿಚರ್ಡ್ ಟ್ರೆವಿತಿಕ್ ಹೆಚ್ಚು ಒತ್ತಡದ ಉಗಿಯನ್ನು ಬಳಸಿ 1804ರಲ್ಲಿ ಹಳಿಯ ಮೇಲೆ ಎಂಜಿನ್ ಓಡಿಸಿದ. 1829ರ ‘ರಾಕೆಟ್’ ಎಂಜಿನ್ನಿನಲ್ಲಿ ಜಾರ್ಜ್ ಮತ್ತು ರಾಬರ್ಟ್ ಸ್ಟೀಫನ್‌ಸನ್ ಹಲವು ಹೊಗೆಕೊಳವೆಗಳ ಬಾಯ್ಲರನ್ನು ಅಳವಡಿಸಿದರು. ನೂರಮೂವತ್ತು ವರ್ಷಗಳ ಮೇಲೆ ತಯಾರಾದ ಎಂಜಿನುಗಳೂ ಮೂಲತಃ ಅದೇ ಮಾದರಿಯವು.

ಇಂಧನ ಮತ್ತು ದಹನ

ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ಸಸ್ಯರಾಶಿ. ಭಾರತದ ಬಹುಪಾಲು ಕಲ್ಲಿದ್ದಲು ಗೊಂಡ್ವಾನ ಶಿಲಾಸಮೂಹದ್ದು. ವಯಸ್ಸು ಸುಮಾರು 25ರಿಂದ 30 ಕೋಟಿ ವರ್ಷ. ಆ ಸಸ್ಯಗಳು ಬಿಸಿಲಿನಿಂದ ಹೀರಿ ರಾಸಾಯನಿಕ ಬಂಧಗಳಲ್ಲಿ ಇರಿಸಿದ ಶಕ್ತಿಯೇ ಕುಲುಮೆಯಲ್ಲಿ ಬಿಡುಗಡೆಯಾಗುವುದು. ದಕ್ಷಿಣ ಭಾರತದ ಮುಖ್ಯ ಕಲ್ಲಿದ್ದಲು ನಿಕ್ಷೇಪ ಗೋದಾವರಿ ಕಣಿವೆಯ ಸಿಂಗರೇಣಿ.

ಕಲ್ಲಿದ್ದಲಿನ ಮುಖ್ಯ ಭಾಗ ಇಂಗಾಲ. 12 ಕಿಲೋ ಇಂಗಾಲ ಪೂರ್ತಿ ಉರಿಯಲು 32 ಕಿಲೋ ಆಮ್ಲಜನಕ ಬೇಕು. ಹುಟ್ಟುವುದು 44 ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಇಂಗಾಲದಿಂದ ಬರುವ ಉಷ್ಣ ಸುಮಾರು 33 ಮೆಗಾಜೌಲ್. ಗಾಳಿ ಸಾಲದೆ ಹೋದರೆ ಇಂಗಾಲದ ಮಾನಾಕ್ಸೈಡ್ ಉಂಟಾಗುತ್ತದೆ, ಉಷ್ಣ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಸಿಗುತ್ತದೆ. ಗಾಳಿ ಅತಿಯಾದರೆ ಬಿಸಿಯಾದ ಹೆಚ್ಚುವರಿ ಗಾಳಿಯೇ ಉಷ್ಣವನ್ನು ಚಿಮಣಿಯಿಂದ ಹೊತ್ತೊಯ್ಯುತ್ತದೆ. ದಟ್ಟ ಕಪ್ಪು ಹೊಗೆ ಎಂಜಿನ್ನಿನ ಬಲದ ಗುರುತು ಎಂದು ತಿಳಿಯುವುದುಂಟು. ವಾಸ್ತವದಲ್ಲಿ ಅದು ಉರಿಯದೆ ಹೊರಬಿದ್ದ ಇಂಗಾಲದ ಕಣ, ಅಂದರೆ ನಷ್ಟವಾದ ಇಂಧನ.

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಜಾಸ್ತಿ. ಅನೇಕ ಗಣಿಗಳಲ್ಲಿ ಶೇಕಡ 30ನ್ನು ಮೀರುತ್ತದೆ. ಹೆಚ್ಚಿನ ಶಾಖಕ್ಕೆ ಬೂದಿ ಕರಗಿ ಕುಲುಮೆಯ ಸರಳುಗಳ ಮೇಲೆ ಕಿಟ್ಟವಾಗಿ ಕೂರುತ್ತದೆ, ಕೆಳಗಿನ ಗಾಳಿಯನ್ನು ತಡೆಯುತ್ತದೆ. ಆದ್ದರಿಂದ ಫೈರ್‌ಮನ್‌ನ ಕೆಲಸ ಸಲಿಕೆಯಿಂದ ಇದ್ದಲು ಎಸೆಯುವುದಷ್ಟೇ ಆಗಿರಲಿಲ್ಲ. ಬೆಂಕಿಯ ಹಾಸು ಎಲ್ಲೆಡೆ ಸಮವಾಗಿರುವಂತೆ, ಎಲ್ಲೂ ತೂತು ಬೀಳದಂತೆ ಸ್ವಲ್ಪಸ್ವಲ್ಪವಾಗಿ ಹರಡಬೇಕು. ಉದ್ದನೆಯ ಕಬ್ಬಿಣದ ಸಲಾಕೆಯಿಂದ ಕಿಟ್ಟ ಒಡೆದು ಎಳೆಯಬೇಕು. ಒಂದೇ ಎಂಜಿನ್ ಒಂದೇ ದಾರಿಯಲ್ಲಿ ತಿನ್ನುವ ಇದ್ದಲು ಫೈರ್‌ಮನ್‌ನ ಕೈಗುಣಕ್ಕೆ ತಕ್ಕಂತೆ ಬದಲಾಗುತ್ತಿತ್ತು.

ಬಾಯ್ಲರ್: ಉಷ್ಣದಿಂದ ಒತ್ತಡಕ್ಕೆ

ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ಉರಿಸಿ ಕಬ್ಬಿನ ಹಾಲನ್ನು ಬತ್ತಿಸುವಾಗಲೂ ಬೇಕಾದಷ್ಟು ಉಗಿ ಏಳುತ್ತದೆ. ಪಾತ್ರೆಯ ಬಾಯಿ ತೆರೆದಿರುವುದರಿಂದ ಆ ಉಗಿ ಗಾಳಿಯಲ್ಲಿ ಸೇರಿಹೋಗುತ್ತದೆ, ಏನನ್ನೂ ತಳ್ಳುವುದಿಲ್ಲ. ಬಾಯ್ಲರ್ ಇದೇ ಕೆಲಸವನ್ನು ಮುಚ್ಚಿದ ಪಾತ್ರೆಯಲ್ಲಿ ಮಾಡುತ್ತದೆ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರು ಸುಮಾರು 1,670 ಲೀಟರ್ ಉಗಿಯಾಗುತ್ತದೆ. ಅಷ್ಟು ಜಾಗ ಕೊಡದೆ ಹಿಡಿದಿಟ್ಟರೆ ಒತ್ತಡ ಏರುತ್ತದೆ, ಒತ್ತಡದ ಜೊತೆಗೆ ನೀರು ಕುದಿಯುವ ಉಷ್ಣಾಂಶವೂ ಏರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಹಾಸನದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಚದರ ಅಂಗುಲಕ್ಕೆ 210 ಪೌಂಡ್ ಒತ್ತಡವಿರುವ ಎಂಜಿನ್ ಬಾಯ್ಲರಿನಲ್ಲಿ ಅದೇ ನೀರು ಕುದಿಯಲು 200 ಡಿಗ್ರಿ ಬೇಕು.

ರೈಲು ಎಂಜಿನ್ನಿನ ಬಾಯ್ಲರಿನಲ್ಲಿ ಮೂರು ಭಾಗಗಳಿವೆ. ಹಿಂದೆ, ಡ್ರೈವರ್ ನಿಲ್ಲುವ ಕಡೆ, ಸುತ್ತ ನೀರು ತುಂಬಿದ ಜೋಡಿಗೋಡೆಯ ಬೆಂಕಿಪೆಟ್ಟಿಗೆ. ನಡುವೆ ಉದ್ದನೆಯ ಪೀಪಾಯಿ; ಅದರ ನೀರಿನೊಳಗೆ ಸಾಲಾಗಿ ಹಾದುಹೋಗುವ ಹೊಗೆಕೊಳವೆಗಳು. ಮುಂದೆ, ಚಿಮಣಿಯ ಕೆಳಗೆ, ಹೊಗೆಪೆಟ್ಟಿಗೆ. ಉರಿಯ ಅನಿಲ ಕೊಳವೆಗಳಲ್ಲಿ ಹರಿಯುವಾಗ ತನ್ನ ಉಷ್ಣವನ್ನು ನೀರಿಗೆ ಕೊಡುತ್ತಾ ಹೋಗುತ್ತದೆ. ಕೊಳವೆಗಳು ಹೆಚ್ಚಿದಷ್ಟೂ ಉಷ್ಣ ದಾಟುವ ಮೇಲ್ಮೈ ಹೆಚ್ಚು.

200 ಡಿಗ್ರಿಯ ಒಂದು ಕಿಲೋ ಉಗಿಯನ್ನು 30 ಡಿಗ್ರಿಯ ನೀರಿನಿಂದ ಪಡೆಯಲು ಸುಮಾರು 2,670 ಕಿಲೋಜೌಲ್ ಉಷ್ಣ ಬೇಕು. ನೀರನ್ನು ಕುದಿಯುವ ಮಟ್ಟಕ್ಕೆ ತರಲು ಖರ್ಚಾಗುವುದು 730 ಮಾತ್ರ. ಉಳಿದ 1,940 ಕಿಲೋಜೌಲ್ ಉಷ್ಣಾಂಶವನ್ನು ಒಂದು ಡಿಗ್ರಿಯೂ ಏರಿಸದೆ ನೀರನ್ನು ಉಗಿಯಾಗಿಸುವುದರಲ್ಲೇ ಮುಗಿಯುತ್ತದೆ. ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಉಗಿಯಂತ್ರದ ಬಲಹೀನತೆ ಇರುವುದು ಇಲ್ಲೇ: ಕೆಲಸ ಮುಗಿಸಿದ ಉಗಿ ಉಗಿಯ ರೂಪದಲ್ಲೇ ಹೊರಹೋದರೆ ಗುಪ್ತೋಷ್ಣದ ಬಹುಪಾಲು ಅದರೊಂದಿಗೆ ಹೋಗುತ್ತದೆ.

ಕುದಿಯುವ ನೀರಿನ ಜೊತೆಗಿರುವ ಉಗಿ ಸಂತೃಪ್ತ ಉಗಿ. ಅದು ಸಿಲಿಂಡರಿನ ಗೋಡೆ ತಾಗಿದ ಕೂಡಲೇ ಸ್ವಲ್ಪ ಭಾಗ ನೀರಾಗಿ ಬೀಳುತ್ತದೆ. ಇದನ್ನು ತಪ್ಪಿಸಲು ಉಗಿಯನ್ನು ಮತ್ತೊಮ್ಮೆ ಬಿಸಿ ಅನಿಲದ ನಡುವಿನ ಕೊಳವೆಗಳಲ್ಲಿ ಹಾಯಿಸಿ 300 ಡಿಗ್ರಿಗೂ ಮೇಲಕ್ಕೆ ಕಾಯಿಸುತ್ತಾರೆ. ಇದು ಅತಿತಪ್ತ ಉಗಿ. 20ನೇ ಶತಮಾನದ ಮೊದಲ ದಶಕಗಳಿಂದ ದೊಡ್ಡ ಎಂಜಿನುಗಳಲ್ಲೆಲ್ಲ ಈ ಏರ್ಪಾಡು ಬಂತು.

ಬಾಯ್ಲರಿನ ನೀರು ಬೆಂಕಿಪೆಟ್ಟಿಗೆಯ ಚಾವಣಿಗಿಂತ ಕೆಳಕ್ಕೆ ಇಳಿದರೆ ಆ ತಗಡು ಕೆಂಪಗೆ ಕಾದು, ಒತ್ತಡ ತಾಳಲಾರದೆ ಒಡೆಯುತ್ತದೆ. ಸ್ಫೋಟಗಳಿಗೆ ಮುಖ್ಯ ಕಾರಣ ಇದು. ಅದಕ್ಕಾಗಿ ನೀರಿನ ಮಟ್ಟ ತೋರುವ ಗಾಜಿನ ಕೊಳವೆ, ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ಸುರಕ್ಷಾ ಕವಾಟ, ಚಾವಣಿ ಕಾದರೆ ಕರಗಿ ಉಗಿಯನ್ನು ಬೆಂಕಿಯ ಮೇಲೆ ಬಿಡುವ ಸೀಸದ ಬಿರಡೆ — ಈ ಮೂರೂ ಇರುತ್ತವೆ. ಒತ್ತಡದ ಬಾಯ್ಲರಿಗೆ ಹೊಸ ನೀರು ನುಗ್ಗಿಸುವ ಸಾಧನ ಇಂಜೆಕ್ಟರ್. ಬಾಯ್ಲರಿನ ಉಗಿಯ ವೇಗವನ್ನೇ ಬಳಸಿಕೊಳ್ಳುವ ಇದನ್ನು ಫ್ರಾನ್ಸಿನ ಆಂರಿ ಜಿಫಾರ್ 1858ರಲ್ಲಿ ರೂಪಿಸಿದ.

ಸಿಲಿಂಡರ್: ಒತ್ತಡದಿಂದ ಚಲನೆಗೆ

ಭಾರತದ ಮೀಟರ್ ಗೇಜ್ ಮಾರ್ಗಗಳಲ್ಲಿ ಸ್ವಾತಂತ್ರ್ಯಾನಂತರ ಅತಿ ಹೆಚ್ಚು ಪ್ರಯಾಣಿಕರ ಗಾಡಿಗಳನ್ನು ಎಳೆದದ್ದು ವೈಪಿ ವರ್ಗದ ಎಂಜಿನ್. ಅದರ ಅಳತೆಗಳಿಂದ ಈ ಹಂತವನ್ನು ವಿವರಿಸಬಹುದು. ಚೌಕಟ್ಟಿನ ಎರಡೂ ಪಕ್ಕ ಒಂದೊಂದು ಸಿಲಿಂಡರ್. ವ್ಯಾಸ 15¼ ಅಂಗುಲ, ಪಿಸ್ಟನ್ನಿನ ಓಟ 24 ಅಂಗುಲ. ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಅಷ್ಟೂ ಒತ್ತಡ ಪಿಸ್ಟನ್ನಿನ ಮೇಲೆ ಬಿದ್ದರೆ ತಳ್ಳಿಕೆ ಸುಮಾರು 17 ಟನ್. ಪಿಸ್ಟನ್ ದಂಡ, ಸಂಪರ್ಕ ದಂಡ, ಕ್ರ್ಯಾಂಕ್ ಇವುಗಳ ಮೂಲಕ ಈ ತಳ್ಳಿಕೆ 54 ಅಂಗುಲ ವ್ಯಾಸದ ಚಾಲಕ ಚಕ್ರಗಳನ್ನು ತಿರುಗಿಸುತ್ತದೆ. ಹೊರಡುವಾಗ ಹಳಿಯ ಮೇಲೆ ದೊರೆಯುವ ಎಳೆತ 18,450 ಪೌಂಡ್, ಎಂದರೆ 8 ಟನ್ನಿಗಿಂತ ತುಸು ಹೆಚ್ಚು.

ಉಗಿ ಪಿಸ್ಟನ್ನಿನ ಒಂದು ಬದಿಯನ್ನು ತಳ್ಳಿದ ಮೇಲೆ ಕವಾಟ ಸರಿದು ಇನ್ನೊಂದು ಬದಿಗೆ ಉಗಿ ಬಿಡುತ್ತದೆ. ಮೊದಲಿನ ಉಗಿ ಹೊರಹೋಗುತ್ತದೆ. ಎರಡು ಬದಿಯೂ ಕೆಲಸ ಮಾಡುವ ಇಂಥ ಯಂತ್ರ ಉಭಯಕ್ರಿಯೆಯದು. ಎರಡು ಸಿಲಿಂಡರುಗಳಿಗೆ ಎರಡೆರಡು ಬದಿ, ಹೀಗೆ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಗಿ ಹೊರಬೀಳುತ್ತದೆ. ‘ಛುಕ್ ಛುಕ್’ ಎಂಬ ಸದ್ದು ಹುಟ್ಟುವುದು ಇದರಿಂದ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ವೈಪಿ ಎಂಜಿನ್ ಸೆಕೆಂಡಿಗೆ ಸುಮಾರು ಹದಿಮೂರು ಸಲ ಹೀಗೆ ಉಸಿರು ಬಿಡುತ್ತದೆ. ಆಗ ಬಿಡಿಬಿಡಿ ಸದ್ದು ಕಿವಿಗೆ ಒಂದೇ ಮೊರೆತವಾಗುತ್ತದೆ.

ಹೊರಹೋಗುವ ಉಗಿಗೆ ಇನ್ನೊಂದು ಕೆಲಸವಿದೆ. ಅದನ್ನು ಚಿಮಣಿಯ ನೇರ ಕೆಳಗಿನ ಕಿರಿದಾದ ಬಾಯಿಯಿಂದ ಮೇಲಕ್ಕೆ ಚಿಮ್ಮಿಸಲಾಗುತ್ತದೆ. ಆ ರಭಸಕ್ಕೆ ಹೊಗೆಪೆಟ್ಟಿಗೆಯ ಅನಿಲ ಹೊರಕ್ಕೆ ಸೆಳೆಯಲ್ಪಟ್ಟು, ಅದರ ಜಾಗಕ್ಕೆ ಬೆಂಕಿಯ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಏರಿನಲ್ಲಿ ಎಂಜಿನ್ ಹೆಚ್ಚು ಉಗಿ ಬಳಸಿದರೆ ಚಿಮ್ಮುವ ರಭಸವೂ ಹೆಚ್ಚು, ಬೆಂಕಿಯೂ ಹೆಚ್ಚು. ಬೇರೆ ಯಾವ ನಿಯಂತ್ರಣವೂ ಇಲ್ಲದೆ ಬೇಡಿಕೆಗೆ ತಕ್ಕಂತೆ ಬೆಂಕಿ ಹೊಂದಿಕೊಳ್ಳುವ ಈ ಏರ್ಪಾಡು ಉಗಿ ಎಂಜಿನ್ನಿನ ಅತ್ಯಂತ ಜಾಣತನದ ಭಾಗ.

ಉಗಿಯನ್ನು ಪಿಸ್ಟನ್ನಿನ ಓಟದುದ್ದಕ್ಕೂ ಬಿಡುವುದು ದುಂದು. ಓಟದ ಕಾಲುಭಾಗದಲ್ಲೋ ಮೂರನೆಯ ಒಂದು ಭಾಗದಲ್ಲೋ ಕವಾಟವನ್ನು ಮುಚ್ಚಿದರೆ, ಒಳಗೆ ಸಿಕ್ಕಿದ ಉಗಿ ತಾನಾಗಿ ಹಿಗ್ಗುತ್ತಾ ಉಳಿದ ದೂರಕ್ಕೆ ತಳ್ಳುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಉಗಿಯ ಉಷ್ಣ ಕೆಲಸವಾಗಿ ಮಾರ್ಪಡುವುದು ಮುಖ್ಯವಾಗಿ ಈ ಹಿಗ್ಗುವಿಕೆಯಲ್ಲಿ. ಹೊರಡುವಾಗ ಉದ್ದಕ್ಕೂ ಉಗಿ ಬಿಟ್ಟು, ವೇಗ ಬಂದ ಹಾಗೆ ಬೇಗಬೇಗ ಮುಚ್ಚುವಂತೆ ಡ್ರೈವರ್ ಗಾಲಿಯನ್ನು ತಿರುಗಿಸಿ ಹೊಂದಿಸುತ್ತಿದ್ದ.

ದಕ್ಷತೆ

ಇಂಧನದಲ್ಲಿದ್ದ ಶಕ್ತಿಯ ಎಷ್ಟು ಪಾಲು ಉಪಯುಕ್ತ ಕೆಲಸವಾಯಿತು ಎಂಬುದು ದಕ್ಷತೆ. ಉಷ್ಣವನ್ನು ಪೂರ್ತಿಯಾಗಿ ಕೆಲಸವಾಗಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲವೆಂದು, ಮಿತಿಯು ಬಿಸಿ ಬದಿ ಮತ್ತು ತಣ್ಣನೆ ಬದಿಗಳ ಉಷ್ಣಾಂಶಗಳ ಮೇಲಷ್ಟೇ ನಿಂತಿದೆಯೆಂದು ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ ತೋರಿಸಿದ. 350 ಡಿಗ್ರಿಯ ಉಗಿ ಪಡೆದು 105 ಡಿಗ್ರಿಯಲ್ಲಿ ಹೊರಬಿಡುವ ಯಂತ್ರಕ್ಕೆ ಈ ಮಿತಿ ಶೇಕಡ 39. ನಿಜವಾದ ಎಂಜಿನ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಇದ್ದಲಿನ ಉಷ್ಣದಲ್ಲಿ ಮೂರನೆಯ ಒಂದು ಭಾಗ ಚಿಮಣಿ, ಬೂದಿ, ಹೊರಮೈ ಇವುಗಳ ಮೂಲಕ ಬಾಯ್ಲರಿನಲ್ಲೇ ತಪ್ಪಿಹೋಗುತ್ತದೆ. ಉಗಿಗೆ ಸೇರಿದ ಭಾಗದಲ್ಲಿ ಐದನೆಯ ಒಂದು ಪಾಲೂ ಸಿಲಿಂಡರಿನಲ್ಲಿ ಕೆಲಸವಾಗಿ ಬದಲಾಗುವುದಿಲ್ಲ. ಗುಪ್ತೋಷ್ಣ ಹೊತ್ತ ಉಗಿ ಆಕಾಶಕ್ಕೆ ಹೋಗುತ್ತದೆ. ಆಮೇಲೆ ಘರ್ಷಣೆ. ಕೊನೆಗೆ ಗಾಡಿ ಎಳೆಯಲು ಸಿಗುವುದು ಶೇಕಡ 5ರಿಂದ 8.

ಇದರ ಅರ್ಥವನ್ನು ಮೈಸೂರಿನಿಂದ ಹಾಸನದ ದಾರಿಯಲ್ಲಿ ಲೆಕ್ಕ ಹಾಕಬಹುದು. ಹಾಸನ ನಿಲ್ದಾಣ ಮೈಸೂರಿಗಿಂತ ಸುಮಾರು 170 ಮೀಟರ್ ಎತ್ತರದಲ್ಲಿದೆ. 300 ಟನ್ ತೂಕದ ಗಾಡಿಯನ್ನು ಅಷ್ಟು ಎತ್ತರಿಸಲು ಬೇಕಾದ ಶಕ್ತಿ 500 ಮೆಗಾಜೌಲ್. ಕಿಲೋಗೆ 5,000 ಕಿಲೋಕ್ಯಾಲೊರಿ, ಎಂದರೆ 21 ಮೆಗಾಜೌಲ್ ಕೊಡುವ ಇದ್ದಲಿನಲ್ಲಿ ಅಷ್ಟು ಶಕ್ತಿ ಇರುವುದು 24 ಕಿಲೋದಲ್ಲಿ. ಎಂಜಿನ್ನಿನ ದಕ್ಷತೆ ಶೇಕಡ 6 ಎಂದು ಹಿಡಿದರೆ ಉರಿಸಬೇಕಾದದ್ದು 400 ಕಿಲೋ. ಹಳಿ ಮತ್ತು ಗಾಳಿಯ ತಡೆಗೆ, ನಿಲ್ದಾಣಗಳಲ್ಲಿ ನಿಂತು ಹೊರಡುವುದಕ್ಕೆ ಆಗುವ ಖರ್ಚು ಇದರಲ್ಲಿ ಸೇರಿಲ್ಲ. ಇಂಥ ಒಂದು ಕಿಲೋ ಇದ್ದಲು ಸುಮಾರು ಐದು ಕಿಲೋ ನೀರನ್ನು ಉಗಿಯಾಗಿಸುವುದರಿಂದ, ಇದಕ್ಕೇ ಸುಮಾರು ಎರಡು ಟನ್ ನೀರು ಬೇಕು. ಉಗಿಯ ಕಾಲದ ನಿಲ್ದಾಣಗಳಲ್ಲಿ ಎತ್ತರದ ನೀರಿನ ತೊಟ್ಟಿ ಮತ್ತು ಹಳಿಯ ಪಕ್ಕದ ನೀರಿನ ಕಂಬ ಇರುತ್ತಿದ್ದುದು ಈ ಕಾರಣಕ್ಕೆ.

ವಿಧಗಳು

ಕೆಲಸ ಮುಗಿಸಿದ ಉಗಿಯನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಎರಡು ಬಗೆ. ಕಂಡೆನ್ಸರ್ ಇರುವ ಯಂತ್ರದಲ್ಲಿ ಉಗಿ ಮತ್ತೆ ನೀರಾಗಿ ಬಾಯ್ಲರಿಗೆ ಮರಳುತ್ತದೆ. ಕಂಡೆನ್ಸರಿನಲ್ಲಿ ನಿರ್ವಾತ ಇರುವುದರಿಂದ ಉಗಿ ಇನ್ನೂ ಕೆಳಗಿನ ಒತ್ತಡದವರೆಗೆ ಹಿಗ್ಗಬಲ್ಲದು. ಹಡಗುಗಳಲ್ಲಿ, ಗಿರಣಿಗಳಲ್ಲಿ, ವಿದ್ಯುತ್ ಸ್ಥಾವರಗಳಲ್ಲಿ ಇದೇ ರೂಢಿ. ರೈಲು ಎಂಜಿನುಗಳಲ್ಲಿ ಅಷ್ಟು ತಣ್ಣೀರನ್ನು ಹೊತ್ತು ಓಡುವುದು ಆಗದ ಮಾತಾದ್ದರಿಂದ ಕಂಡೆನ್ಸರ್ ಬಹಳ ವಿರಳ. ಉಗಿಯನ್ನು ಒಂದರ ಮೇಲೊಂದರಂತೆ ಎರಡು ಮೂರು ಸಿಲಿಂಡರುಗಳಲ್ಲಿ ಹಿಗ್ಗಿಸುವ ಯಂತ್ರಕ್ಕೆ ಸಂಯುಕ್ತ ಉಗಿಯಂತ್ರ ಎನ್ನುತ್ತಾರೆ.

ಉಗಿ ಟರ್ಬೈನಿನಲ್ಲಿ ಪಿಸ್ಟನ್ ಇಲ್ಲ. ಉಗಿ ಮೊದಲು ಕಿರಿದಾದ ದಾರಿಗಳಲ್ಲಿ ವೇಗ ಪಡೆದು, ಒಂದರ ಹಿಂದೊಂದು ಇರುವ ಅಲಗುಗಳ ಸಾಲುಗಳನ್ನು ನೇರವಾಗಿ ತಿರುಗಿಸುತ್ತದೆ. ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಇದನ್ನು ಬಳಕೆಗೆ ತಂದ. ವಿದ್ಯುಜ್ಜನಕಕ್ಕೆ ಬೇಕಾದ ಹೆಚ್ಚಿನ ವೇಗ ಇದರಿಂದ ಸುಲಭವಾಗಿ ಸಿಗುತ್ತದೆ. ವಿದ್ಯುತ್ ಉತ್ಪಾದನೆಯಿಂದ ಪಿಸ್ಟನ್ ಯಂತ್ರ ಪೂರ್ತಿ ಮರೆಯಾಗಲು ಇದೇ ಕಾರಣ.

ಮೈಸೂರು ಸಂಸ್ಥಾನದಲ್ಲಿ ಉಗಿ

ಬೆಂಗಳೂರು ದಂಡಿಗೆ ಜೋಲಾರ್‌ಪೇಟೆಯಿಂದ ಉಗಿಬಂಡಿ ಬಂದದ್ದು 1864ರಲ್ಲಿ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1870ರ ದಶಕದ ದೊಡ್ಡ ಬರಗಾಲದ ಪರಿಹಾರ ಕಾಮಗಾರಿಯಾಗಿ ಆರಂಭವಾಗಿ 1882ರಲ್ಲಿ ಪೂರ್ಣಗೊಂಡಿತು. ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಕಿದ ಮಾರ್ಗ 1880ರ ದಶಕದಲ್ಲಿ ಮುಗಿದಾಗ ಹಾಸನ ಜಿಲ್ಲೆಯ ಅರಸೀಕೆರೆಗೆ ರೈಲು ತಲುಪಿತು. ಜಿಲ್ಲಾಕೇಂದ್ರವಾದ ಹಾಸನ ಇನ್ನೂ ಕಾಯಬೇಕಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–1918ರ ಅವಧಿಯಲ್ಲಿ ಸಂಸ್ಥಾನದ ರೈಲ್ವೆ ವಿಸ್ತರಣೆಗೆ ಒತ್ತು ಸಿಕ್ಕಿತು. ಮೈಸೂರು, ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರ, ಮಾವಿನಕೆರೆ, ಹಾಸನಗಳ ಮೂಲಕ ಅರಸೀಕೆರೆ ಸೇರುವ 166 ಕಿಲೋಮೀಟರ್ ಮೀಟರ್ ಗೇಜ್ ಮಾರ್ಗ ಆ ದಶಕದ ಕೊನೆಯ ವರ್ಷಗಳಲ್ಲಿ ಸಂಚಾರಕ್ಕೆ ತೆರೆಯಿತು. ಕಾವೇರಿ, ಹೇಮಾವತಿ ಎರಡನ್ನೂ ದಾಟುವ ಮಾರ್ಗ ಇದು.

ಹಳ್ಳಿಮೈಸೂರು ಹೋಬಳಿಯವರಿಗೆ ರೈಲು ಎಂದರೆ ಹೊಳೆನರಸೀಪುರ ನಿಲ್ದಾಣ. ಸುತ್ತಲಿನ ತಾಲೂಕುಗಳ ಕಥೆ ಒಂದೇ ಬಗೆಯದಲ್ಲ. ಅರಕಲಗೂಡಿಗೆ ರೈಲುಮಾರ್ಗವೇ ಬರಲಿಲ್ಲ. ಚನ್ನರಾಯಪಟ್ಟಣದ ಮೂಲಕ ಹಾಯುವ ಹಾಸನ–ಬೆಂಗಳೂರು ಮಾರ್ಗ ಪೂರ್ತಿಯಾದದ್ದು 2017ರಲ್ಲಿ, ಉಗಿ ಎಂಜಿನುಗಳು ಹೋಗಿ ಎಷ್ಟೋ ಕಾಲವಾದ ಮೇಲೆ. ಹೀಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲೂಕುಗಳಲ್ಲಿ ಉಗಿಬಂಡಿಯ ಸಂಚಾರ ಕಂಡವು ಮೊದಲಿನ ಎರಡೇ.

ಮೈಸೂರು ಸ್ಟೇಟ್ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ನಂತರದ ದಶಕಗಳಲ್ಲಿ ಪ್ರಯಾಣಿಕರ ಗಾಡಿಗೆ ವೈಪಿ, ಸರಕಿನ ಗಾಡಿಗೆ ವೈಜಿ ಎಂಜಿನುಗಳು ಮೈಸೂರು ಸೀಮೆಯ ಮೀಟರ್ ಗೇಜ್ ಹಳಿಗಳಲ್ಲಿ ಓಡಿದವು. ವೈಪಿ ವರ್ಗದಲ್ಲಿ 1949ರಿಂದ 1970ರವರೆಗೆ ಒಟ್ಟು 871 ಎಂಜಿನುಗಳು ತಯಾರಾದವು. ಮೊದಲಿನವು ಅಮೆರಿಕ, ಬ್ರಿಟನ್, ಜರ್ಮನಿಗಳಿಂದ ಬಂದವು, ಬಹುಪಾಲು ಜಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ ಆದವು.

ಇದ್ದಲಿಲ್ಲದ ನಾಡಿನಲ್ಲಿ ಉಗಿಯನ್ನು ನಂಬುವುದು ದುಬಾರಿಯಾಗಿತ್ತು. ಎಂಜಿನುಗಳು ಉರಿಸುವ ಇದ್ದಲನ್ನು ಎಂಜಿನುಗಳೇ ನೂರಾರು ಮೈಲಿ ಎಳೆದು ತರಬೇಕಾಗಿತ್ತು. ಆರಂಭದ ದಶಕಗಳಲ್ಲಿ ದಕ್ಷಿಣದ ರೈಲ್ವೆಗಳು ಸೌದೆಯನ್ನು ಧಾರಾಳವಾಗಿ ಬಳಸಿದವು. ಉರುವಲಿಗೆಂದೇ ಸರ್ವೆ ಮರದ ತೋಪುಗಳನ್ನು ಬೆಳೆಸಲಾಯಿತು. ಸೌದೆಯಿಂದ ಸಿಗುವ ಉಷ್ಣ ತೂಕಕ್ಕೆ ತೂಕ ಒಳ್ಳೆಯ ಇದ್ದಲಿನ ಅರ್ಧದ ಆಸುಪಾಸು ಮಾತ್ರ. ಕೋಲಾರದ ಚಿನ್ನದ ಗಣಿಗಳಲ್ಲಿ ನೀರೆತ್ತಲು, ತೊಟ್ಟಿಲು ಎಳೆಯಲು, ಅದಿರು ಕುಟ್ಟಲು ಉಗಿಯಂತ್ರಗಳಿದ್ದವು. ಅವುಗಳ ಇಂಧನದ ವೆಚ್ಚವೇ ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಬಲವಾದ ಪ್ರೇರಣೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ತಂತಿಯ ಮೇಲೆ ವಿದ್ಯುತ್ ಹರಿಯಿತು. ಮೈಸೂರು ಸಂಸ್ಥಾನ ಜಲವಿದ್ಯುತ್ತಿನಲ್ಲಿ ದೇಶದ ಉಳಿದ ಭಾಗಗಳಿಗಿಂತ ಮುಂದೆ ಹೋದದ್ದಕ್ಕೆ ದೂರದೃಷ್ಟಿ ಎಷ್ಟು ಕಾರಣವೋ ಇದ್ದಲಿನ ಅಭಾವವೂ ಅಷ್ಟೇ ಕಾರಣ.

ಇತರ ಉಪಯೋಗಗಳು

ಬೆಂಗಳೂರಿನ ಹತ್ತಿಗಿರಣಿಗಳು, ಜಿನ್ನಿಂಗ್ ಕಾರ್ಖಾನೆಗಳು, ಅಕ್ಕಿಗಿರಣಿಗಳು, ಮುದ್ರಣಾಲಯಗಳು ಒಂದು ಕಾಲಕ್ಕೆ ಉಗಿಯ ಮೇಲೆ ನಡೆದವು. ಲೋಕೋಪಯೋಗಿ ಇಲಾಖೆಯ ಉಗಿ ರೋಡ್ ರೋಲರುಗಳು ಜಲ್ಲಿ ರಸ್ತೆಗಳನ್ನು ಅದುಮಿದವು. ವಿದ್ಯುತ್ ಮೋಟಾರು ಮತ್ತು ಡೀಸೆಲ್ ಎಂಜಿನು ಇವೆಲ್ಲದರಿಂದ ಉಗಿಯಂತ್ರವನ್ನು ಹೊರಹಾಕಿದವು. ಬೆಳಗ್ಗೆ ಬೆಂಕಿ ಹೊತ್ತಿಸಿ ಉಗಿ ಏರಲು ಗಂಟೆಗಟ್ಟಲೆ ಕಾಯುವ ಯಂತ್ರ, ಗುಂಡಿ ಒತ್ತಿದರೆ ತಿರುಗುವ ಯಂತ್ರದ ಮುಂದೆ ನಿಲ್ಲಲಾರದೆ ಹೋಯಿತು.

ಸಕ್ಕರೆ ಕಾರ್ಖಾನೆ ಮಾತ್ರ ಉಗಿಯನ್ನು ಬಿಟ್ಟಿಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರೀನಿವಾಸಪುರದ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥವುಗಳಲ್ಲಿ ಕಬ್ಬಿನ ಸಿಪ್ಪೆಯೇ ಬಾಯ್ಲರಿನ ಇಂಧನ. ಇಂಥ ಕಾರ್ಖಾನೆಗಳಲ್ಲಿ ಉಗಿ ಮೊದಲು ಟರ್ಬೈನನ್ನು ತಿರುಗಿಸುತ್ತದೆ, ಆಮೇಲೆ ಅದೇ ಉಗಿ ಕಬ್ಬಿನ ಹಾಲನ್ನು ಬತ್ತಿಸಲು ಹೋಗುತ್ತದೆ. ರೈಲು ಎಂಜಿನ್ ಆಕಾಶಕ್ಕೆ ಬಿಡುತ್ತಿದ್ದ ಗುಪ್ತೋಷ್ಣ ಇಲ್ಲಿ ಕೆಲಸಕ್ಕೆ ಬರುವುದರಿಂದ ಇಂಧನದ ಒಟ್ಟು ಬಳಕೆ ಎಷ್ಟೋ ಉತ್ತಮ. ಸಿಪ್ಪೆ ಪಳೆಯುಳಿಕೆ ಇಂಧನವಲ್ಲ. ಪರಿವರ್ತನೆಯ ಕ್ರಮ ಮಾತ್ರ ಒಂದೇ. ಹಾಲಿನ ಡೈರಿ, ಬಟ್ಟೆಗೆ ಬಣ್ಣ ಹಾಕುವ ಘಟಕ, ದೊಡ್ಡ ಅಡುಗೆಮನೆಗಳಲ್ಲಿ ಬಾಯ್ಲರ್ ಇದ್ದರೂ ಅಲ್ಲಿ ಉಗಿ ಬೇಕಾಗಿರುವುದು ಶಾಖಕ್ಕೆ, ಚಲನೆಗಲ್ಲ.

ಈಗಿನ ಸ್ಥಿತಿ

ಭಾರತದಲ್ಲಿ ಬ್ರಾಡ್ ಗೇಜ್ ಉಗಿ ಎಂಜಿನ್ನಿನ ತಯಾರಿಕೆ 1970ರಲ್ಲಿ, ಮೀಟರ್ ಗೇಜ್ ಎಂಜಿನ್ನಿನದು 1972ರಲ್ಲಿ ನಿಂತಿತು. ಬ್ರಾಡ್ ಗೇಜಿನ ಕೊನೆಯ ನಿಯತ ಉಗಿ ಸೇವೆ 1995ರಲ್ಲಿ ಮುಗಿಯಿತು. ಮೈಸೂರು–ಹಾಸನ–ಅರಸೀಕೆರೆ ಮಾರ್ಗ ಆ ದಶಕದಲ್ಲೇ ಬ್ರಾಡ್ ಗೇಜಿಗೆ ಬದಲಾಯಿತು. ಕರ್ನಾಟಕಕ್ಕೆ ಹತ್ತಿರದಲ್ಲಿ ಉಗಿ ಎಂಜಿನ್ ಈಗಲೂ ಗಾಡಿ ಎಳೆಯುವುದು ನೀಲಗಿರಿಯ ಮೇಟ್ಟುಪಾಳಯಂ–ಕೂನೂರು ಹಲ್ಲುಹಳಿಯ ಮೇಲೆ. ಅಲ್ಲಿನ ಹಲವು ಎಂಜಿನುಗಳು ಇದ್ದಲಿನ ಬದಲು ಎಣ್ಣೆ ಉರಿಸುತ್ತವೆ. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಬ್ಯಾಗ್ನಲ್ ಕಂಪನಿ ಮಾಡಿದ ಇಎಸ್ 506 ಸೇರಿದಂತೆ ಉಗಿ ಎಂಜಿನುಗಳನ್ನು ಹತ್ತಿರದಿಂದ ನೋಡಬಹುದು.

ಪಿಸ್ಟನ್ ಹೋದರೂ ಉಗಿ ಹೋಗಿಲ್ಲ. ಭಾರತದ ವಿದ್ಯುತ್ತಿನ ಮುಕ್ಕಾಲಿಗೆ ಹತ್ತಿರದ ಪಾಲು ಇವತ್ತಿಗೂ ಕಲ್ಲಿದ್ದಲು ಉರಿಸಿ, ಉಗಿ ಟರ್ಬೈನ್ ತಿರುಗಿಸಿಯೇ ಬರುತ್ತದೆ. ಕರ್ನಾಟಕದ ಮೊದಲ ದೊಡ್ಡ ಉಷ್ಣವಿದ್ಯುತ್ ಸ್ಥಾವರ ರಾಯಚೂರಿನದು. ಮೊದಲ ಘಟಕ 1985ರಲ್ಲಿ ಆರಂಭವಾಯಿತು, ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳಿವೆ. 210 ಮೆಗಾವ್ಯಾಟ್ ಘಟಕದಲ್ಲಿ ಉಗಿಯ ಉಷ್ಣಾಂಶ ಸುಮಾರು 540 ಡಿಗ್ರಿ, ಒತ್ತಡ ರೈಲು ಎಂಜಿನ್ನಿನ ಹತ್ತುಪಟ್ಟು. ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಇಂಥ ಘಟಕದ ದಕ್ಷತೆ ಶೇಕಡ 33ರಿಂದ 38. ನೀರು ಕುದಿಯದೆಯೇ ನೇರವಾಗಿ ಉಗಿಯ ಗುಣ ಪಡೆಯುವಷ್ಟು ಒತ್ತಡದಲ್ಲಿ ನಡೆಯುವ ಯರಮರಸ್‌ನಂಥ ಘಟಕಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಉಳಿದ ಉಷ್ಣ ಕಂಡೆನ್ಸರಿನ ತಣ್ಣೀರಿಗೆ, ಅಲ್ಲಿಂದ ಶೀತಲ ಗೋಪುರದ ಮೂಲಕ ಗಾಳಿಗೆ ಸೇರುತ್ತದೆ.

ಹಾಸನ ಜಿಲ್ಲೆಗೆ ವಿದ್ಯುತ್ ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಅದು ರಾಜ್ಯದ ಜಾಲದಿಂದ ಪಡೆಯುವ ವಿದ್ಯುತ್ತಿನಲ್ಲಿ ಜಲ, ಗಾಳಿ, ಬಿಸಿಲುಗಳ ಪಾಲಿನ ಜೊತೆಗೆ ಕಲ್ಲಿದ್ದಲಿನ ಪಾಲೂ ಇದೆ. ಕಲ್ಲಿದ್ದಲಿನಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಆರರಿಂದ ಏಳುನೂರು ಗ್ರಾಂ ಇದ್ದಲು ಉರಿಯುತ್ತದೆ; ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ವಾಯುಮಂಡಲಕ್ಕೆ ಸೇರುತ್ತದೆ. ದಕ್ಷತೆ ಹೆಚ್ಚಿದಂತೆ ಈ ಪ್ರಮಾಣ ಇಳಿಯುತ್ತದೆ, ಆದರೆ ಇಂಗಾಲವನ್ನು ಉರಿಸುವವರೆಗೆ ಸೊನ್ನೆಯಾಗುವುದಿಲ್ಲ.

ಬಾಯ್ಲರುಗಳ ನೋಂದಣಿ ಮತ್ತು ಪರೀಕ್ಷೆಗೆ ದೇಶದಲ್ಲಿ 1923ರ ಬಾಯ್ಲರ್ ಕಾಯ್ದೆ ಒಂದು ಶತಮಾನ ಕಾಲ ಆಧಾರವಾಗಿತ್ತು. ಅದರ ಸ್ಥಾನಕ್ಕೆ 2025ರಲ್ಲಿ ಸಂಸತ್ತು ಹೊಸ ಬಾಯ್ಲರ್ ಕಾಯ್ದೆಯನ್ನು ತಂದಿದೆ. ಕರ್ನಾಟಕದಲ್ಲಿ ಈ ಕೆಲಸ ಕಾರ್ಖಾನೆ, ಬಾಯ್ಲರುಗಳ ಇಲಾಖೆಯದು. ನೋಂದಣಿಯಾಗದ, ಪ್ರಮಾಣಪತ್ರದ ಅವಧಿ ಮುಗಿದ ಬಾಯ್ಲರನ್ನು ನಡೆಸುವುದು ಕಾಯ್ದೆಯಡಿ ಅಪರಾಧ.